ಮೌನದೊಳಗಿನ ದುಃಖವನ್ನು ಅಳೆಯುವ ಬಗೆ

ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿರುವ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ, ಯಾರೋ ಬೆನ್ನು ಹತ್ತಿದ್ದಾರೆಂಬ ಭಯವೂ ಇಳಿದಿದೆ. ಆದರೆ ದಿನವಿಡೀ ಮೂಲೆ ಹಿಡಿದು ಕೂತಿರುತ್ತಾನೆ. ಮಾತಿಲ್ಲ, ಊಟ ಸೇರದು, ಮುಖದಲ್ಲಿ ಭಾವವಿಲ್ಲ. ಉತ್ಸಾಹವನ್ನೇ ಬತ್ತಿಸುವುದು ಆ ಕಾಯಿಲೆಯ ಒಂದು ಗುಣ. ಔಷಧಿಯಿಂದ ಮೈ ಬಿಗಿದು ಚಲನೆ ಕುಗ್ಗಿರಲೂಬಹುದು. ಇಲ್ಲವೇ ಅವನು ನಿಜಕ್ಕೂ ಖಿನ್ನತೆಗೆ ಜಾರಿರಬಹುದು. ನೋಡಲು ಮೂರೂ ಒಂದೇ ಥರ. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಈ ವ್ಯತ್ಯಾಸ ತಿಳಿಯುವುದು ಜೀವ ಉಳಿಸುವ ಪ್ರಶ್ನೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ನೂರಕ್ಕೆ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ಖಿನ್ನತೆ ಮತ್ತು ಹತಾಶೆ ಅದರ ಮುಖ್ಯ ಮುನ್ಸೂಚನೆಗಳು.

ಹಾಗಿದ್ದೂ ಮನೋವೈದ್ಯಶಾಸ್ತ್ರ ಈ ದುಃಖದತ್ತ ತಿರುಗಲು ಬಹುಕಾಲ ಹಿಡಿಯಿತು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಮನೋರೋಗಗಳನ್ನು ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸಿದರು: ಬುದ್ಧಿ, ಇಚ್ಛಾಶಕ್ತಿಗಳು ಸವೆಯುವ, ಮುಂದೆ ಸ್ಕಿಜೋಫ್ರೇನಿಯಾ ಎನಿಸಿಕೊಂಡ ಕಾಯಿಲೆ ಒಂದು ಕಡೆ, ಮನಸ್ಥಿತಿ ಏರಿಳಿಯುವ ಕಾಯಿಲೆ ಇನ್ನೊಂದು ಕಡೆ. ಈ ಗೋಡೆ ಎಷ್ಟು ಗಟ್ಟಿಯಾಯಿತೆಂದರೆ, ಮೊದಲ ಗುಂಪಿನವರಲ್ಲಿ ಕಾಣುವ ಖಿನ್ನತೆ ಮುಖ್ಯ ವಿಷಯವೆನಿಸಲೇ ಇಲ್ಲ.

1952ರಲ್ಲಿ ಭ್ರಮೆಗಳನ್ನು ತಗ್ಗಿಸುವ ಔಷಧಿ ಕ್ಲೋರ್‌ಪ್ರೊಮಝೀನ್ ಬಂದಿತು. ಭ್ರಮೆಗಳು ತಗ್ಗಿದ ಮೇಲೂ ಕೆಲವರು ಕುಸಿದುಹೋಗಿರುವುದು ವೈದ್ಯರ ಕಣ್ಣಿಗೆ ಬಿತ್ತು. ಔಷಧಿಯೇ ಖಿನ್ನತೆ ತರುತ್ತಿದೆಯೇ ಎಂಬ ಅನುಮಾನವೂ ಹುಟ್ಟಿತು. 1976ರಲ್ಲಿ ಅಮೆರಿಕದ ಥಾಮಸ್ ಮೆಗ್ಲಾಷನ್ ಮತ್ತು ವಿಲಿಯಂ ಕಾರ್ಪೆಂಟರ್ ಕಾಯಿಲೆಯ ಉಲ್ಬಣ ಕಳೆದ ನಂತರದ ಖಿನ್ನತೆಯ ಬಗ್ಗೆ ಬರೆದರು. 1978ರಲ್ಲಿ ವ್ಯಾನ್ ಪುಟ್ಟೆನ್ ಮತ್ತು ಮೇ ಎಂಬ ಸಂಶೋಧಕರು, ಔಷಧಿಯಿಂದಾದ ಚಲನೆಯ ಜಡತ್ವ ಖಿನ್ನತೆಯ ರೂಪ ತಾಳುವುದನ್ನು ವಿವರಿಸಿದರು. 1981ರಲ್ಲಿ ಲಂಡನ್ನಿನ ನೈಟ್ಸ್ ಮತ್ತು ಹರ್ಷ್ ಮತ್ತೊಂದು ಮಾತು ಹೇಳಿದರು: ದುಃಖ ಮೊದಲೇ ಅಲ್ಲಿರುತ್ತದೆ, ಭ್ರಮೆಯ ಅಬ್ಬರ ಅಡಗಿದಾಗ ಅದು ಬಯಲಾಗುತ್ತದೆ.

ಹಾಗಾದರೆ ಅಳೆಯುವುದು ಯಾವುದರಿಂದ? ಆಗ ಹೆಚ್ಚು ಬಳಕೆಯಲ್ಲಿದ್ದುದು ಲೀಡ್ಸ್‌ನ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ, ಮುಂದೆ 17 ಅಂಶಗಳ ರೂಪದಲ್ಲಿ ಹೆಸರಾದ ಅಳತೆಪಟ್ಟಿ. ಖಿನ್ನತೆಯಿದೆ ಎಂದು ಈಗಾಗಲೇ ಗುರುತಿಸಲಾದವರಲ್ಲಿ ಅದರ ತೀವ್ರತೆ ತಿಳಿಯಲೆಂದೇ ಅವರು ಅದನ್ನು ರೂಪಿಸಿದ್ದರು. ಚಲನೆ ನಿಧಾನವಾದರೆ ಅದರಲ್ಲಿ ಅಂಕ, ಕೆಲಸದಲ್ಲಿ ಆಸಕ್ತಿ ಕುಂದಿದರೆ ಅಂಕ, ತನಗೆ ಕಾಯಿಲೆಯೇ ಇಲ್ಲವೆಂದರೂ ಅಂಕ. ಈ ಮೂರೂ ಸ್ಕಿಜೋಫ್ರೇನಿಯಾದಲ್ಲಿ ಸಾಮಾನ್ಯ. ಹೀಗಾಗಿ ಖಿನ್ನತೆಯಿಲ್ಲದವರ ಮೊತ್ತವೂ ಏರುತ್ತಿತ್ತು. 1987ರಲ್ಲಿ ಬಂದ 30 ಅಂಶಗಳ ಪ್ಯಾನ್ಸ್ ಪಟ್ಟಿ ಸ್ಕಿಜೋಫ್ರೇನಿಯಾಕ್ಕೆಂದೇ ಸಿದ್ಧವಾಗಿತ್ತು. ಆದರೆ ಅದರಲ್ಲಿ ಖಿನ್ನತೆಗೆಂದು ಮೀಸಲಾದ ಅಂಶ ಒಂದೇ.

ತಿರುವು ಬಂದದ್ದು ಕೆನಡಾದ ಕ್ಯಾಲ್ಗರಿಯಿಂದ. ಡೊನಾಲ್ಡ್ ಆಡಿಂಗ್ಟನ್, ಜೀನ್ ಆಡಿಂಗ್ಟನ್ ಮತ್ತು ಸಂಗಡಿಗರು ಹ್ಯಾಮಿಲ್ಟನ್ ಪಟ್ಟಿಯ ಅಂಶಗಳನ್ನೂ, ಬ್ರಿಟನ್ನಿನಲ್ಲಿ ಜಾನ್ ವಿಂಗ್ ಬಳಗ ರೂಪಿಸಿದ್ದ ಸಂದರ್ಶನದ ಪ್ರಶ್ನೆಗಳನ್ನೂ ಒಟ್ಟಿಗೆ ಜರಡಿ ಹಿಡಿದರು. ಕಾಯಿಲೆಯ ಜಡತ್ವದೊಂದಿಗೆ ಬೆರೆತುಹೋಗುವ ಅಂಶಗಳು ಉದುರಿದವು. 1990ರಲ್ಲಿ ಹೊರಬಂದ ಅವರ ಪಟ್ಟಿಯಲ್ಲಿ ಕೊನೆಗೆ ಉಳಿದವು ಒಂಬತ್ತು: ದುಃಖ, ಹತಾಶೆ, ತನ್ನನ್ನು ತಾನೇ ಹಳಿದುಕೊಳ್ಳುವುದು, ಇತರರು ತನ್ನ ಮೇಲೆ ತಪ್ಪು ಹೊರಿಸುತ್ತಿದ್ದಾರೆಂಬ ಭಾವನೆ, ಅತಿಯಾದ ಪಾಪಪ್ರಜ್ಞೆ, ಬೆಳಗಿನ ಹೊತ್ತು ಹೆಚ್ಚುವ ದುಃಖ, ಬೇಗ ಎಚ್ಚರವಾಗುವುದು, ಆತ್ಮಹತ್ಯೆಯ ಯೋಚನೆ, ಮತ್ತು ಸಂದರ್ಶಕರ ಕಣ್ಣಿಗೆ ಕಾಣುವ ಖಿನ್ನತೆ. ಕಳೆದ ಎರಡು ವಾರಗಳನ್ನು ಗಮನದಲ್ಲಿಟ್ಟು ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27.

ಮೊದಲ ಎಂಟನ್ನು ಕೇಳಿ ತಿಳಿಯಬೇಕು, ನೋಡಿ ತಿಳಿಯುವುದು ಒಂಬತ್ತನೆಯದೊಂದೇ. ಮುಖ ಭಾವಶೂನ್ಯವಾಗಿದ್ದರೂ ಒಳಗಿನ ನೋವು ಮಾತಿನಲ್ಲಿ ಹೊರಬರಲು ಅಲ್ಲಿ ಜಾಗವಿದೆ.

6ಕ್ಕಿಂತ ಹೆಚ್ಚು ಅಂಕವನ್ನು ಗಡಿಯಾಗಿಟ್ಟು ಪರೀಕ್ಷಿಸಿದಾಗ, ತೀವ್ರ ಖಿನ್ನತೆಯಿದ್ದ ನೂರರಲ್ಲಿ 85 ಮಂದಿಯನ್ನು ಪಟ್ಟಿ ಗುರುತಿಸಿತು. ಇಲ್ಲದ ನೂರರಲ್ಲಿ 82 ಮಂದಿಯನ್ನು ಸರಿಯಾಗಿಯೇ ಹೊರಗಿಟ್ಟಿತು. 2012ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಹಲವು ಪಟ್ಟಿಗಳನ್ನು ಹೋಲಿಸಿದಾಗಲೂ, ಖಿನ್ನತೆಯನ್ನು ಜಡತ್ವದಿಂದ ಬೇರ್ಪಡಿಸುವುದರಲ್ಲಿ ಕ್ಯಾಲ್ಗರಿಯದೇ ಮುಂದಿತ್ತು.

ಪ್ರಶ್ನೆಗಳ ಮೇಲೆ ನಿಂತ ಪಟ್ಟಿಗೆ ಭಾಷೆಯೇ ದೊಡ್ಡ ಪರೀಕ್ಷೆ. ಕನ್ನಡದಲ್ಲಿ ಕೇಳುವಾಗ 'ಖಿನ್ನತೆ' ಪುಸ್ತಕದ ಮಾತಾಗುತ್ತದೆ. 'ಬೇಜಾರು' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಹೊತ್ತು ಹೋಗದಿರುವುದೂ ಬೇಜಾರು, ಸಿಟ್ಟೂ ಬೇಜಾರು, ಸಾಯಬೇಕೆನ್ನಿಸುವ ಸಂಕಟವೂ ಬೇಜಾರು. 'ಪಾಪಪ್ರಜ್ಞೆ'ಯ ಬದಲು ಜನ ಆಡುವುದು 'ಎಲ್ಲಾ ನನ್ನಿಂದಲೇ ಆಯ್ತು' ಎಂದು. ಆ ಯುವಕ 'ಏನಿಲ್ಲ ಡಾಕ್ಟ್ರೇ, ಬೇಜಾರು ಅಷ್ಟೆ' ಎಂದಾಗ ಅಂಕ ಬರೆಯುವ ಮುನ್ನ ಇನ್ನೊಂದು ಪ್ರಶ್ನೆ ಬೇಕು: 'ಯಾವ ಥರದ ಬೇಜಾರು, ಸ್ವಲ್ಪ ಬಿಡಿಸಿ ಹೇಳ್ತೀರಾ?'