ಕೂಡಿ ಕೇಳುವ ವಿದ್ಯೆ

ಹಾಡಿದವರ ಹೆಸರು ಲೋಕಕ್ಕೆ ತಿಳಿಯುತ್ತದೆ; ಹಾಡನ್ನು ತಟ್ಟೆಗೆ ಇಳಿಸಿದವರ ಹೆಸರು ತಿಳಿಯುವುದು ಅಪರೂಪ. ಧ್ವನಿಮುದ್ರಣದ ಕೆಲಸವೇ ಅಂಥದು. ಆದುದರಿಂದಲೇ ಈ ವಿದ್ಯೆಗೆ ಶಾಲೆಗಳು ಹೇಗೆ ಬಂದುವು, ಆ ಶಾಲೆಗಳಲ್ಲಿ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ಏನು ಮಾಡುತ್ತಾರೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ಅಪರಿಚಿತವಾಗಿದೆ. ಹೊರನಾಡಿನಲ್ಲಿ ಕನ್ನಡ ಸಂಘವನ್ನು ಕಟ್ಟಿಕೊಂಡು ಬಾಳುವ ನಮಗೆ ಅದರಿಂದ ಕಲಿಯತಕ್ಕದ್ದು ಉಂಟು.

ಈ ವಿದ್ಯೆ ಮೊದಲಿಗೆ ಗುಟ್ಟಿನ ಕಸುಬಾಗಿದ್ದಿತು. ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡನು. (ಈ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಸರ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.) ಆಗ ಮೈಕ್ ಇರಲಿಲ್ಲ, ಕೊಂಬಿನಂಥ ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕಾಗಿದ್ದಿತು. ಗಾಯಕರು ಎಷ್ಟು ದೂರ ನಿಲ್ಲಬೇಕು, ತಾರಸ್ಥಾಯಿಗೆ ಏರಿದಾಗ ಎಷ್ಟು ಹಿಂದೆ ಸರಿಯಬೇಕು ಎಂಬುದನ್ನು ಮುದ್ರಕರು ಅನುಭವದಿಂದ ಅರಿತಿದ್ದರು. ಅರಿತದ್ದನ್ನು ಹೊರಗೆ ಬಿಟ್ಟುಕೊಡುತ್ತಿರಲಿಲ್ಲ. 1925ರ ಹೊತ್ತಿಗೆ ವಿದ್ಯುತ್ ಮುದ್ರಣ ಬಂದರೂ, ಹಿರಿಯರೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಲಿಯುವ ಪದ್ಧತಿಯೇ ಉಳಿಯಿತು.

ಇದನ್ನು ಶಾಲೆಯಲ್ಲಿ ಕಲಿಸಬೇಕೆಂಬ ಮಾತು ಒಬ್ಬ ಸಂಗೀತಗಾರನಿಂದ ಬಂದಿತೆಂಬುದು ಸ್ವಾರಸ್ಯದ ವಿಷಯ. 1946ರಲ್ಲಿ ಪ್ರಸಿದ್ಧ ವಾಗ್ಗೇಯಕಾರ ಆರ್ನಾಲ್ಡ್ ಷೋನ್‌ಬರ್ಗ್ ಷಿಕಾಗೋ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾದ ರಾಬರ್ಟ್ ಹಚಿನ್ಸರಿಗೆ ಪತ್ರ ಬರೆದು, ಧ್ವನಿಯ ಕೆಲಸಗಾರರಿಗೆ ಯಂತ್ರಜ್ಞಾನ ಮತ್ತು ಭೌತಶಾಸ್ತ್ರಗಳ ಜೊತೆಗೆ ಸಂಗೀತವನ್ನೂ ಕಲಿಸಬೇಕೆಂದು ಸೂಚಿಸಿದನು. ಮೂರು ವರ್ಷಗಳ ತರುವಾಯ, 1949ರಲ್ಲಿ, ಜರ್ಮನಿಯ ಡೆಟ್‌ಮೋಲ್ಡ್ ಎಂಬ ಊರಿನ ಸಂಗೀತ ವಿದ್ಯಾಲಯದಲ್ಲಿ ಎರಿಕ್ ಥೀನ್‌ಹೌಸ್ ಅಂಥದೇ ಶಿಕ್ಷಣವನ್ನು ಆರಂಭಿಸಿದನು. ಅಲ್ಲಿ ಕಲಿತವರಿಗೆ 'ಟೋನ್‌ಮೈಸ್ಟರ್', ಅಂದರೆ ನಾದದ ಉಸ್ತಾದ, ಎಂದು ಹೆಸರಾಯಿತು.

ಇದೇ ವೇಳೆಗೆ ಅಮೆರಿಕೆಯಲ್ಲಿ ಧ್ವನಿತಜ್ಞರು ತಮ್ಮದೇ ಸಂಘವೊಂದನ್ನು ಕಟ್ಟಿದರು. ಅದಕ್ಕೆ ನಾಂದಿಯಾದುದು 1947ರ ಕೊನೆಯಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಓದುಗರ ಕಾಗದ. 1948ರ ಫೆಬ್ರವರಿ 17ರಂದು ನ್ಯೂಯಾರ್ಕಿನ ಆರ್.ಸಿ.ಎ. ವಿಕ್ಟರ್ ಸ್ಟುಡಿಯೋದಲ್ಲಿ ಆಸಕ್ತರು ಕಲೆತರು. ಮಾರ್ಚ್ 11ರ ಸಭೆಯಲ್ಲಿ ಹ್ಯಾರಿ ಓಲ್ಸನ್ ಉಪನ್ಯಾಸವಿತ್ತರು. 'ಆಡಿಯೋ ಇಂಜಿನಿಯರಿಂಗ್ ಸೊಸೈಟಿ' ಹುಟ್ಟಿದ್ದು ಹೀಗೆ. ಗುಟ್ಟಾಗಿದ್ದ ಕಸುಬು ನಾಲ್ಕು ಜನರ ಚರ್ಚೆಗೆ ಬಂದಿತು. 1953ರಿಂದ ಸಂಘದ ನಿಯತಕಾಲಿಕವೂ ಹೊರಟಿತು.

ಧ್ವನಿವಿದ್ಯೆಯ ಶಾಲೆಗಳು ಹೆಚ್ಚಿದಂತೆ ಅವುಗಳಲ್ಲಿ ಈ ಸೊಸೈಟಿಯ ವಿದ್ಯಾರ್ಥಿ ಶಾಖೆಗಳು ತಲೆಯೆತ್ತಿದುವು. ಇವಕ್ಕೂ ನಮ್ಮ ಸಂಘಗಳಂತೆಯೇ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳುಂಟು. ಸಲಹೆಗೆ ಒಬ್ಬ ಅಧ್ಯಾಪಕರಿರುತ್ತಾರೆ. ತಜ್ಞರನ್ನು ಕರೆಸಿ ಭಾಷಣ ಮಾಡಿಸುವುದು, ಸ್ಟುಡಿಯೋಗಳನ್ನು ನೋಡಿಬರುವುದು ಇವೆಲ್ಲ ವಾಡಿಕೆಯ ಕಾರ್ಯಕ್ರಮಗಳು. ಆದರೆ ಸಭೆಯ ಜೀವಾಳವಿರುವುದು ಕೂಡಿ ಕೇಳುವುದರಲ್ಲಿ. ಒಬ್ಬ ವಿದ್ಯಾರ್ಥಿ ತಾನು ಮುದ್ರಿಸಿದ್ದನ್ನು ಎಲ್ಲರೆದುರು ನುಡಿಸುತ್ತಾನೆ. ಮಿಕ್ಕವರು ಕೇಳಿ ಅಭಿಪ್ರಾಯ ಹೇಳುತ್ತಾರೆ. ಹಾಡಿನ ಅಕ್ಷರಗಳು ತಬಲದಡಿ ಮುಚ್ಚಿಹೋದುವು, ಕೋಣೆಯ ಮಾರ್ದನಿ ಹೆಚ್ಚಾಯಿತು ಎಂಬ ಮಾತನ್ನು ಅವನು ಸಹಿಸಿಕೊಂಡು ಕೂತಿರಬೇಕು.

ಹೀಗೆ ಕೂಡಿ ಕೇಳುವುದೇಕೆ? ನಮ್ಮ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಒಂದೇ ಹಾಡನ್ನು ಎರಡು ಬಾರಿ ನುಡಿಸಿ, ಎರಡನೆಯದನ್ನು ಸ್ವಲ್ಪವೇ ಜೋರಾಗಿಸಿದರೆ, ಅದೇ ಮೇಲೆಂದು ಬಹುಮಂದಿ ಹೇಳುವರು. ಧ್ವನಿ ತಗ್ಗಿದಾಗ ಮಂದ್ರಸ್ವರಗಳು ಕಿವಿಗೆ ಮಿಕ್ಕವುಗಳಿಗಿಂತ ಹೆಚ್ಚು ಕ್ಷೀಣವಾಗುತ್ತವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಅದಲ್ಲದೆ ತಾನೇ ಮುದ್ರಿಸಿದ್ದನ್ನು ನೂರು ಸಲ ಕೇಳಿದವನಿಗೆ ಅದರ ಕುಂದು ಕೇಳಿಸದಂತಾಗುತ್ತದೆ. ಆದುದರಿಂದ ಹೋಲಿಸುವಾಗ ಎಲ್ಲವನ್ನೂ ಒಂದೇ ಮಟ್ಟದಲ್ಲಿ ನುಡಿಸಬೇಕು. ಯಾವುದು ಯಾರದೆಂದು ಹೇಳದೆ ಕೇಳಿಸಬೇಕು. ಇವು ಪುಸ್ತಕದಲ್ಲಿಯೂ ಇರುವ ನಿಯಮಗಳೇ. ಆದರೆ ಕಿವಿ ಪಳಗುವುದು ಸಹಪಾಠಿಗಳ ನಡುವೆ.

ನಮ್ಮ ನಾಡಿಗೂ ಈ ಇತಿಹಾಸದಲ್ಲಿ ಪಾಲುಂಟು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಚಲನಚಿತ್ರದ ಛಾಯಾಗ್ರಹಣ, ಧ್ವನಿಗ್ರಹಣಗಳ ಶಿಕ್ಷಣಕ್ಕೆ ಎಡೆ ದೊರೆಯಿತು. ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾಗಿ ಖ್ಯಾತರಾದ ಮೈಸೂರಿನ ವಿ. ಕೆ. ಮೂರ್ತಿಯವರು ಅಲ್ಲಿಯೇ ಕಲಿತವರು. ಇನ್ನು ನಮ್ಮ ಪುಣೆಯಲ್ಲಿ, ಲಾ ಕಾಲೇಜು ರಸ್ತೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ, 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅಲ್ಲಿನ ಮಾವಿನ ಮರವೊಂದಕ್ಕೆ 'ಜ್ಞಾನವೃಕ್ಷ'ವೆಂದೇ ಹೆಸರು. ಅದರ ನೆರಳಿನಲ್ಲಿ ನಿರ್ದೇಶನದವರೂ ಧ್ವನಿಯವರೂ ಒಟ್ಟಿಗೆ ಕೂತು ವಾದಿಸಿದ್ದಾರೆ. ಗಿರೀಶ ಕಾರ್ನಾಡರು 1974ರಲ್ಲಿ ಈ ಸಂಸ್ಥೆಯ ನಿರ್ದೇಶಕರಾದರು. ಗಿರೀಶ ಕಾಸರವಳ್ಳಿಯವರು ಇಲ್ಲಿನ ವಿದ್ಯಾರ್ಥಿ. ಧ್ವನಿವಿಭಾಗದಲ್ಲಿ ಕಲಿತ ರಸೂಲ್ ಪೂಕುಟ್ಟಿಯವರಿಗೆ 2009ರಲ್ಲಿ ಆಸ್ಕರ್ ಪಾರಿತೋಷಕ ಬಂದಿತು.

ಇಂದು ಮುದ್ರಣಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಅದರಿಂದ ಶಾಲೆಯ ಸಭೆ ಅನಾವಶ್ಯಕವಾಗಲಿಲ್ಲ. ಒಂಟಿಯಾಗಿ ಮುದ್ರಿಸುವವರು ಹೆಚ್ಚಿದಷ್ಟೂ ಅದರ ಅಗತ್ಯ ಬೆಳೆದಿದೆ. ನಮ್ಮ ಮನೆಗಳಲ್ಲಿಯೂ ಅಷ್ಟೆ. ಧಾರವಾಡದ ಅಜ್ಜಿಯ ಬೀಸುವ ಹಾಡು, ಕುಂದಾಪುರದ ಅಜ್ಜನ ಮಾತಿನ ಸೊಗಸು ಇವು ನಮ್ಮ ಮಕ್ಕಳಿಗೆ ಮುಂದೆ ಬೇರೆಲ್ಲಿ ಸಿಕ್ಕಾವು? ಮೊಮ್ಮಗ ಫೋನು ಹಿಡಿದು ಮುದ್ರಿಸಿಕೊಂಡಿರುತ್ತಾನೆ. ಕೇಳಹೋದರೆ ಫ್ಯಾನಿನ ಸದ್ದೇ ಮುಂದು. ತಪ್ಪು ತಿಳಿಯುವ ವೇಳೆಗೆ ಹಾಡಿದವರೇ ಇರುವುದಿಲ್ಲ.

ಸಂಘದ ತರುಣರು ತಿಂಗಳಿಗೊಂದು ಸಂಜೆ ಇದಕ್ಕಾಗಿ ಕೂಡಬಾರದೇಕೆ? ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಹಾಡುವವರಿಗೆ ಒಂದು ಮೊಳ ದೂರದಲ್ಲಿಟ್ಟು ಮುದ್ರಿಸಿ ತರಲಿ. ಎಲ್ಲರೂ ಕೂಡಿ ಕೇಳಲಿ. ಸ್ಪಷ್ಟವಾಗದಿದ್ದರೆ ಮರುದಿನವೇ ಹೋಗಿ, ಅಜ್ಜಿಯನ್ನು ಮತ್ತೊಮ್ಮೆ ಹಾಡಲು ಬೇಡಿಕೊಳ್ಳಲಿ. ಅಜ್ಜಿ ಬೇಸರಪಡಲಾರರು.