ವೀಸಾ ಇಲ್ಲದ ದಾರಿಯ ಕಾವಲುಗಾರರು

ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ದೀರ್ಘ ಜೀವಿತದಲ್ಲಿ ಹಲವು ಬಾರಿ ದೂರದೇಶಗಳ ಪ್ರವಾಸ ಮಾಡಿದರು. 1898ರಲ್ಲಿ ಜಪಾನಿಗೆ ಹೋದದ್ದು ಮೊದಲನೆಯದು. 1946ರಲ್ಲಿ, ಎಂಬತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಭಾರತೀಯ ಕೈಗಾರಿಕೋದ್ಯಮಿಗಳ ನಿಯೋಗದ ನಾಯಕರಾಗಿ ಅಮೆರಿಕಾಕ್ಕೆ ಹೋದದ್ದು ಕೊನೆಯದು. ಈ ಪ್ರವಾಸಗಳಲ್ಲಿ ಅವರು ಕಂಡ ಕಾರ್ಖಾನೆ, ಅಣೆಕಟ್ಟುಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಆದರೆ ಅದೇ ನಲವತ್ತೆಂಟು ವರ್ಷಗಳಲ್ಲಿ ಸದ್ದಿಲ್ಲದೆ ಬದಲಾದ ಇನ್ನೊಂದು ಸಂಗತಿಯಿದೆ. ಅದು, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕಾಲಿಡಲು ಮನುಷ್ಯ ತೋರಿಸಬೇಕಾದ ಕಾಗದ.

ಇಂದು ಚಿಕ್ಕಬಳ್ಳಾಪುರದ ರಸ್ತೆಯಲ್ಲೇ, ದೇವನಹಳ್ಳಿಯ ಬಳಿ, 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ‘ಈ ದೇಶಕ್ಕೆ ವೀಸಾ ಬೇಡ’ ಎಂಬ ಪ್ರವಾಸ ಸಂಸ್ಥೆಗಳ ಜಾಹೀರಾತು ಶಿಡ್ಲಘಟ್ಟ, ಚಿಂತಾಮಣಿಯ ಮನೆಗಳ ಮೊಬೈಲ್ ಫೋನುಗಳಿಗೂ ಬರುತ್ತದೆ. ವೀಸಾ ಬೇಡವೆಂದರೆ ಯಾರ ಅಡ್ಡಿಯೂ ಇಲ್ಲವೆಂದು ಭಾವಿಸುವವರು ಬಹಳ. ಕಳೆದ ನೂರಿಪ್ಪತ್ತೈದು ವರ್ಷಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ರಹದಾರಿ ಕೇಳದ ಕಾಲ

1898ರಲ್ಲಿ ಭಾರತದಿಂದ ಹೊರಡುವವನ ಬಳಿ ಪಾಸ್‌ಪೋರ್ಟ್ ಇರಲೇಬೇಕೆಂಬ ಕಾನೂನು ಇರಲಿಲ್ಲ. ಟಿಕೆಟ್ ಕೊಳ್ಳುವ ಶಕ್ತಿಯಿದ್ದವನು ಹಡಗು ಹತ್ತಬಹುದಿತ್ತು. ಆದರೆ ಅದೇ ವರ್ಷ ಜಪಾನಿನಲ್ಲಿ ಇಳಿದ ವಿದೇಶಿಯ ಓಡಾಟಕ್ಕೆ ಮಿತಿಯಿತ್ತು. ಯೊಕೊಹಾಮಾ, ಕೋಬೆ, ನಾಗಾಸಾಕಿಗಳಂಥ ಒಪ್ಪಂದದ ಬಂದರುಗಳಲ್ಲಿ, ಅವುಗಳ ಸುತ್ತ ಸುಮಾರು 40 ಕಿಲೋಮೀಟರಿನೊಳಗೆ, ಆತ ತಿರುಗಾಡಬಹುದಿತ್ತು. ಅದರಾಚೆ ಒಳನಾಡಿಗೆ ಹೋಗಬೇಕಾದರೆ ತನ್ನ ದೇಶದ ರಾಯಭಾರ ಕಚೇರಿಯ ಮೂಲಕ ಪ್ರತ್ಯೇಕ ರಹದಾರಿ ಪಡೆಯಬೇಕಿತ್ತು. ಈ ಪದ್ಧತಿ ಕೊನೆಗೊಂಡದ್ದು 1899ರ ಜುಲೈಯಲ್ಲಿ. ಇಂದಿನ ಸ್ಥಿತಿ ಇದಕ್ಕೆ ತಲೆಕೆಳಗು. ಜಪಾನಿಗೆ ಹೊರಡುವ ಭಾರತೀಯನಿಗೆ ವೀಸಾ ಬೇಕು. ಒಳಗೆ ಹೋದ ಮೇಲೆ ಊರೂರಿಗೆ ಅಪ್ಪಣೆ ಬೇಕಿಲ್ಲ.

ಆ ಕಾಲದ ಭಾರತದಲ್ಲೂ ಎಲ್ಲರೂ ಕಾಗದವಿಲ್ಲದೆ ಹೊರಡುತ್ತಿರಲಿಲ್ಲ. ಮದ್ರಾಸ್ ಮತ್ತು ಕಲ್ಕತ್ತಾ ಬಂದರುಗಳಿಂದ ನಟಾಲ್, ಮಾರಿಷಸ್, ಫಿಜಿಗಳ ಕಬ್ಬಿನ ತೋಟಗಳಿಗೆ ಹೊರಡುತ್ತಿದ್ದ ಕರಾರು ಕೂಲಿಗಳನ್ನು ಅಧಿಕಾರಿಯ ಮುಂದೆ ನಿಲ್ಲಿಸಿ, ಹೆಸರು, ಊರು, ಜಾತಿ, ಮೈಮೇಲಿನ ಮಚ್ಚೆಯವರೆಗೆ ಬರೆದುಕೊಳ್ಳಲಾಗುತ್ತಿತ್ತು. ಅನುಕೂಲಸ್ಥನ ಪ್ರಯಾಣಕ್ಕೆ ಟಿಕೆಟ್ ಸಾಕಿತ್ತು, ಕೂಲಿಯ ಪ್ರಯಾಣಕ್ಕೆ ದಾಖಲೆ ಬೇಕಿತ್ತು. ಮುಂದಿನ ಕಾನೂನುಗಳಲ್ಲೆಲ್ಲ ಈ ವ್ಯತ್ಯಾಸ ಬೇರೆಬೇರೆ ರೂಪದಲ್ಲಿ ಉಳಿದುಕೊಂಡಿತು.

ಟಿಕೆಟ್ ಮತ್ತು ಜೇಬಿನ ಹಣ

ಬ್ರಿಟಿಷ್ ಸಾಮ್ರಾಜ್ಯದ ಪ್ರಜೆ ಆ ಸಾಮ್ರಾಜ್ಯದ ಯಾವ ಮೂಲೆಗಾದರೂ ಹೋಗಬಹುದೆಂಬುದು ತತ್ವ. ಭಾರತೀಯರು ಅದನ್ನು ನಂಬಿ ಹೊರಟಾಗ ವಸಾಹತುಗಳು ಬೇರೆ ಉಪಾಯ ಹುಡುಕಿದವು. 1897ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಒಂದು ಕಾಯ್ದೆ ಮಾಡಿತು. ಅದರಲ್ಲಿ ಭಾರತೀಯರ ಹೆಸರೇ ಇರಲಿಲ್ಲ. ಹೊಸದಾಗಿ ಬರುವವನಿಗೆ ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ ಅರ್ಜಿ ಬರೆಯಲು ಬರಬೇಕು ಎಂದಷ್ಟೇ ಇತ್ತು. ಯಾರನ್ನು ತಡೆಯಲು ಈ ಷರತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ನಾಡಿನಲ್ಲಿ ಇಂಥ ಕಾನೂನುಗಳ ವಿರುದ್ಧ ಹೋರಾಡಿಯೇ ಗಾಂಧೀಜಿ ಸತ್ಯಾಗ್ರಹದ ದಾರಿ ಕಂಡುಕೊಂಡರು. ಮುಂದೆ 1927ರಲ್ಲಿ ಮತ್ತು 1936ರಲ್ಲಿ ಅವರು ಆರೋಗ್ಯಕ್ಕಾಗಿ ಬಂದು ತಂಗಿದ ನಂದಿಬೆಟ್ಟ ಮುದ್ದೇನಹಳ್ಳಿಗೆ ಕೂಗಳತೆಯಲ್ಲಿದೆ.

ಕೆನಡಾದ ಉಪಾಯ ಇನ್ನೂ ಚತುರವಾದದ್ದು. 1908ರ ಜನವರಿಯಲ್ಲಿ ಅದು ಹೊರಡಿಸಿದ ಆಜ್ಞೆಯ ಪ್ರಕಾರ, ವಲಸೆಗಾರ ತನ್ನ ಹುಟ್ಟಿದ ನಾಡಿನಿಂದ ಎಲ್ಲಿಯೂ ನಡುವೆ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದಿರಬೇಕು, ಅದಕ್ಕೆ ಹೊರಡುವ ಮೊದಲೇ ಟಿಕೆಟ್ ಕೊಂಡಿರಬೇಕು. ಭಾರತದಿಂದ ನೇರವಾಗಿ ಬರುವ ಹಡಗಿನ ಸೌಕರ್ಯವನ್ನೇ ನಿಲ್ಲಿಸಲಾಯಿತು. ಜೊತೆಗೆ ಏಷ್ಯಾದಿಂದ ಬಂದವನ ಜೇಬಿನಲ್ಲಿ 200 ಡಾಲರ್ ಇರಬೇಕೆಂಬ ನಿಯಮ ಬಂತು. ವೀಸಾ ಎಂಬ ಮಾತೇ ಇಲ್ಲ. ಆದರೂ ಬಾಗಿಲು ಮುಚ್ಚಿತ್ತು.

ಈ ಬಾಗಿಲನ್ನು ಪರೀಕ್ಷಿಸಲು ಹೊರಟದ್ದು ಕೊಮಗಾಟ ಮಾರು ಎಂಬ ಹಡಗು. 1914ರ ಮೇ 23ರಂದು ಅದು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ಮುಟ್ಟಿತು. ಅವರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಎರಡು ತಿಂಗಳು ಹಡಗು ದಡದ ಎದುರೇ ನಿಂತಿತ್ತು. ಇಳಿಯಲು ಒಪ್ಪಿಗೆ ಸಿಕ್ಕಿದ್ದು ಬೆರಳೆಣಿಕೆಯ ಕೆಲವರಿಗೆ. ಉಳಿದವರನ್ನು ಜುಲೈ 23ರಂದು ಹಿಂದಕ್ಕೆ ಕಳುಹಿಸಲಾಯಿತು. ಸೆಪ್ಟೆಂಬರಿನಲ್ಲಿ ಹಡಗು ಕಲ್ಕತ್ತಾದ ಬಳಿಯ ಬಜ್‌ಬಜ್ ತಲುಪಿದಾಗ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದ್ದು 2016ರಲ್ಲಿ.

ಮರಳುವ ಟಿಕೆಟ್ ಎಲ್ಲಿ, ಕೈಯಲ್ಲಿ ಹಣವೆಷ್ಟು ಎಂಬ ಪ್ರಶ್ನೆಗಳನ್ನು ಇಂದು ವೀಸಾ ಬೇಡದ ದೇಶಗಳ ವಿಮಾನ ನಿಲ್ದಾಣಗಳಲ್ಲೂ ಕೇಳುತ್ತಾರೆ. 1908ರ ಟಿಕೆಟ್ ನಿಯಮ ಬರುವವನನ್ನು ತಡೆಯುವುದಕ್ಕೆ. ಇಂದಿನದು ಬಂದವನು ಹಿಂದಿರುಗಬೇಕೆಂಬುದಕ್ಕೆ. ಉದ್ದೇಶ ಬೇರೆ, ಪ್ರಶ್ನೆಗಳ ವಂಶ ಒಂದೇ.

ಯುದ್ಧ ಕೊಟ್ಟ ಪುಸ್ತಕ

ಪಾಸ್‌ಪೋರ್ಟ್ ಕಡ್ಡಾಯವಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಶತ್ರುವಿನ ಗೂಢಚಾರರ ಭಯದಿಂದ ಎಲ್ಲ ದೇಶಗಳೂ ಗಡಿಯಲ್ಲಿ ಕಾಗದ ಕೇಳತೊಡಗಿದವು. ಯುದ್ಧ ಮುಗಿದರೂ ಈ ಪದ್ಧತಿ ಹೋಗಲಿಲ್ಲ. 1920ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ಪಾಸ್‌ಪೋರ್ಟ್ ಕಾಯ್ದೆಯನ್ನು ತಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ನಡೆದ ರಾಷ್ಟ್ರಸಂಘದ ಸಮ್ಮೇಳನ 32 ಪುಟಗಳ ಪುಸ್ತಕದ ಮಾದರಿಯನ್ನು ಸೂಚಿಸಿತು. ಇಂದು ಕೈಯಲ್ಲಿ ಹಿಡಿಯುವ ಪುಸ್ತಕದ ಮೂಲ ಅದು. ಭಾರತದ 1920ರ ಆ ಕಾಯ್ದೆ ಹಲವು ತಿದ್ದುಪಡಿಗಳೊಂದಿಗೆ ಶತಮಾನಕ್ಕೂ ಹೆಚ್ಚು ಕಾಲ ಬದುಕಿತು. ಅದು ರದ್ದಾದದ್ದು 2025ರ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದ ಮೇಲೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದವು. ಸಂಸ್ಥಾನದ ಜನ ಕಾನೂನಿನ ಕಣ್ಣಿನಲ್ಲಿ ಬ್ರಿಟಿಷ್ ಪ್ರಜೆಗಳಲ್ಲ, ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ವ್ಯಕ್ತಿಗಳು’. ಗೌರಿಬಿದನೂರಿನ ರೈತನೂ ಗಡಿಯಾಚೆ ಮದ್ರಾಸ್ ಪ್ರಾಂತ್ಯದ ಹಿಂದೂಪುರದ ರೈತನೂ ಒಂದೇ ಸಂತೆಗೆ ಹೋಗುತ್ತಿದ್ದರೂ, ಹೊರದೇಶದ ಬಾಗಿಲಲ್ಲಿ ಇಬ್ಬರ ಸ್ಥಾನಮಾನ ಬೇರೆಬೇರೆ.

ದಿವಾನಗಿರಿ ಬಿಟ್ಟ ವಿಶ್ವೇಶ್ವರಯ್ಯನವರು 1919-20ರಲ್ಲಿ ಮತ್ತೆ ಜಪಾನ್, ಅಮೆರಿಕಾ, ಯುರೋಪ್ ಸುತ್ತಿದರು. ಅಷ್ಟರಲ್ಲಿ ಅಮೆರಿಕಾದ 1917ರ ವಲಸೆ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ದೊಡ್ಡ ಭಾಗದ ಜನರಿಗೆ ಬಾಗಿಲು ಮುಚ್ಚಿತ್ತು. ಆ ಕಾನೂನಿನಲ್ಲಿ ವಿನಾಯಿತಿ ಪಡೆದವರ ಒಂದು ಪಟ್ಟಿಯಿತ್ತು. ವಕೀಲರು, ವೈದ್ಯರು, ಶಿಕ್ಷಕರು, ವಿದ್ಯಾರ್ಥಿಗಳು, ವ್ಯಾಪಾರಿಗಳು, ವಿಹಾರಕ್ಕೆ ಬಂದ ಪ್ರವಾಸಿಗಳ ಜೊತೆಗೆ ಸಿವಿಲ್ ಎಂಜಿನಿಯರರ ಹೆಸರೂ ಅದರಲ್ಲಿತ್ತು. ಅಂದರೆ ಮುದ್ದೇನಹಳ್ಳಿಯ ಎಂಜಿನಿಯರಿಗೆ ಅವಕಾಶ, ಅದೇ ಹಳ್ಳಿಯ ಕೂಲಿಗೆ ಇಲ್ಲ. ಅವರ ಕೊನೆಯ ಪ್ರವಾಸದ ವರ್ಷವಾದ 1946ರ ಜುಲೈಯಲ್ಲಿ ಈ ಕಾನೂನು ಸ್ವಲ್ಪ ಸಡಿಲವಾಯಿತು. ಆಗ ಇಡೀ ಭಾರತಕ್ಕೆ ಅಮೆರಿಕಾ ನಿಗದಿ ಮಾಡಿದ ವಲಸೆಯ ಪಾಲು ವರ್ಷಕ್ಕೆ ಸುಮಾರು ನೂರು ಜನ.

ಕೃಪೆಯಿಂದ ಹಕ್ಕಿಗೆ

ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ವಿವೇಚನೆಗೆ ಸೇರಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದ ಡಾ. ಎಚ್. ನರಸಿಂಹಯ್ಯನವರು ಅಮೆರಿಕಾದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಆ ಕಾಲದಲ್ಲಿ. ವಿದೇಶಕ್ಕೆ ಹೋಗುವುದು ಪ್ರಜೆಯ ಹಕ್ಕು ಎಂದು ಆಗ ಯಾವ ಕಾಯ್ದೆಯೂ ಹೇಳಿರಲಿಲ್ಲ. ಅದನ್ನು ಹೇಳಿದ್ದು ನ್ಯಾಯಾಲಯಗಳು. 1965ರಲ್ಲಿ ಮೈಸೂರು ಹೈಕೋರ್ಟ್, ವಿದೇಶ ಪ್ರಯಾಣ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. 1967ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ, ಬಹುಮತದಿಂದ ಇದೇ ಅಭಿಪ್ರಾಯಕ್ಕೆ ಬಂತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಜಾರಿಯಾಯಿತು.

ಹೀಗೆ ಹೊರಡುವ ಹಕ್ಕು ಸಿಕ್ಕಿತು. ಇನ್ನೊಂದು ದೇಶದೊಳಗೆ ಹೋಗುವ ಹಕ್ಕನ್ನು ಮಾತ್ರ ಯಾವ ನ್ಯಾಯಾಲಯವೂ ಕೊಡಲಾರದು. ಇಂಗ್ಲೆಂಡಿಗೆ ಭಾರತೀಯರು 1986ರವರೆಗೆ ವೀಸಾ ಇಲ್ಲದೆ ಹೋಗಬಹುದಿತ್ತು ಎಂದರೆ ಇಂದಿನ ಯುವಕರು ನಂಬಲಿಕ್ಕಿಲ್ಲ. ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಇದ್ದ ಸೌಲಭ್ಯವದು. ಆದರೆ 1962ರ ನಂತರ ಕೆಲಸಕ್ಕೆಂದು ಹೋಗುವವರಿಗೆ ಸರ್ಕಾರದ ವೋಚರ್ ಬೇಕಾಯಿತು. ನೋಡಿಕೊಂಡು ಬರಲು ಹೋದವರು ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಒಪ್ಪಿಗೆಯಾಗದಿದ್ದರೆ ಬಂದ ದಾರಿಗೆ ಸುಂಕವಿಲ್ಲ. 1986ರ ಅಕ್ಟೋಬರಿನಲ್ಲಿ ಭಾರತೀಯರಿಗೆ ವೀಸಾ ಕಡ್ಡಾಯವಾದಾಗ ಈ ವಿಚಾರಣೆ ಲಂಡನ್ನಿನಿಂದ ಭಾರತದಲ್ಲಿನ ಬ್ರಿಟಿಷ್ ಕಚೇರಿಗಳಿಗೆ ವರ್ಗವಾಯಿತು.

ವೀಸಾಕ್ಕೂ ವೀಸಾ ವಿನಾಯಿತಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ವೀಸಾ ಇದ್ದರೆ ವಿಚಾರಣೆಯ ಬಹುಭಾಗ ಮನೆಯ ಹತ್ತಿರ, ಹೊರಡುವ ಮೊದಲೇ ಮುಗಿಯುತ್ತದೆ. ವಿನಾಯಿತಿ ಇದ್ದರೆ ಅದು ಹಣ ಖರ್ಚು ಮಾಡಿ ಅಷ್ಟು ದೂರ ಹೋದ ಮೇಲೆ ನಡೆಯುತ್ತದೆ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಈ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ.

ನೆರೆಯ ನೇಪಾಳದ ಉದಾಹರಣೆ ನೋಡಬಹುದು. 1950ರ ಜುಲೈ 31ರ ಒಪ್ಪಂದದಿಂದಾಗಿ ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಕಾಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಕರ್ನಾಟಕ ಮೂಲದ ಭಟ್ಟರು ಅರ್ಚಕರಾಗಿರುವ ಪರಂಪರೆಯೂ ಇದೆ. ಆದರೂ ವಿಮಾನದಲ್ಲಿ ಹೋಗುವ ಯಾತ್ರಿಕ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ತೋರಿಸಬೇಕು. ಎಲ್ಲ ಕಡೆ ನಡೆಯುವ ಆಧಾರ್ ಕಾರ್ಡ್ ಇಲ್ಲಿ 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ ನಡೆಯುತ್ತದೆ.

ಪ್ರವಾಸಿ ಮತ್ತು ದುಡಿಯುವವನು

ವೀಸಾ ವಿನಾಯಿತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳು ಕೆಲವೇ: ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಮರಳುವ ಟಿಕೆಟ್, ತಂಗುವ ಸ್ಥಳದ ವಿವರ, ಖರ್ಚಿಗೆ ಹಣ, ಇಷ್ಟೇ ದಿನ ಎಂಬ ಮಿತಿ. ಇವುಗಳಿಗಿಂತ ಮುಖ್ಯವಾದದ್ದು, ಅಲ್ಲಿ ಕೂಲಿ ಮಾಡಕೂಡದು ಎಂಬುದು. ಮೋಸ ನಡೆಯುವುದೂ ಈ ಒಂದು ಷರತ್ತಿನ ಸುತ್ತಲೇ.

ಇರಾನ್ 2024ರ ಫೆಬ್ರುವರಿ 4ರಿಂದ ಭಾರತೀಯ ಪ್ರವಾಸಿಗಳಿಗೆ ವೀಸಾ ವಿನಾಯಿತಿ ಕೊಟ್ಟಿತ್ತು. ವಿಮಾನದಲ್ಲೇ ಬರಬೇಕು, ಪ್ರವಾಸಕ್ಕಷ್ಟೇ ಬರಬೇಕು, ಆರು ತಿಂಗಳಿಗೊಮ್ಮೆ, ಹದಿನೈದು ದಿನ ಮಾತ್ರ ಎಂಬ ನಿಯಮಗಳಿದ್ದವು. ಕೆಲಸ ಕೊಡಿಸುವುದಾಗಿ, ಮುಂದೆ ಬೇರೆ ದೇಶಕ್ಕೆ ದಾಟಿಸುವುದಾಗಿ ನಂಬಿಸಿದ ದಲ್ಲಾಳಿಗಳು ಇದೇ ದಾರಿಯಲ್ಲಿ ಜನರನ್ನು ಕಳುಹಿಸಿದರು. ಅಲ್ಲಿ ಇಳಿದವರಲ್ಲಿ ಹಲವರನ್ನು ಅಪಹರಿಸಿ ಹಣಕ್ಕಾಗಿ ಹಿಂಸಿಸಲಾಯಿತು. 2025ರ ನವೆಂಬರ್ 22ರಿಂದ ಇರಾನ್ ಈ ವಿನಾಯಿತಿಯನ್ನು ನಿಲ್ಲಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಕೇಂದ್ರಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ನೌಕರಿಯ ಆಸೆ ತೋರಿಸಿಯೇ ಅವರನ್ನು ಒಯ್ಯಲಾಗಿತ್ತು.

ದುಡಿಯಲು ಹೋಗುವವರ ರಕ್ಷಣೆಗಾಗಿ ಭಾರತ 1983ರಲ್ಲಿ ವಲಸೆ ಕಾಯ್ದೆ ಮಾಡಿತು. ಅದರಂತೆ ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳು, ಮಲೇಷಿಯಾ ಮುಂತಾದ ಗೊತ್ತಾದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿಯ ಅನುಮತಿ ಪಡೆಯಬೇಕು. ಕಬ್ಬಿನ ತೋಟದ ಕೂಲಿಗಳನ್ನು ಬಂದರಿನಲ್ಲಿ ಬರೆದುಕೊಳ್ಳುತ್ತಿದ್ದ ಅಧಿಕಾರಿಯ ಹೆಸರೂ ಇದೇ. ಕೆಲಸದ ಕರಾರು, ಸಂಬಳ, ಮಾಲೀಕನ ಹೆಸರು ದಾಖಲಾಗುವುದು ಈ ಅನುಮತಿಯಲ್ಲಿ. ಪ್ರವಾಸಿಯೆಂದು ಹೇಳಿ ವಿಮಾನ ಹತ್ತಿದ ಕಾರ್ಮಿಕನ ಕೈಯಲ್ಲಿ ಇವು ಯಾವುವೂ ಇರುವುದಿಲ್ಲ. ಸಂಬಳ ತಪ್ಪಿದರೆ, ಮಾಲೀಕ ಪಾಸ್‌ಪೋರ್ಟ್ ಕಿತ್ತುಕೊಂಡರೆ ದೂರು ಕೊಡಲು ಹೋದವನೇ ಅಪರಾಧಿಯಾಗುತ್ತಾನೆ.

ಆದ್ದರಿಂದ ‘ವೀಸಾ ಬೇಡ’ ಎಂಬ ಮಾತು ಕಿವಿಗೆ ಬಿದ್ದಾಗ ಕೇಳಬೇಕಾದ ಮರುಪ್ರಶ್ನೆ ಒಂದೇ: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ? ನೋಡಿ ಬರುವವನಿಗೆ ಅದು ಅನುಕೂಲ. ದುಡಿಯಲು ಹೊರಟವನಿಗೆ, ಆ ಬೇಡವೆಂದ ಕಾಗದವೇ ಹಲವು ಬಾರಿ ಆತನ ರಕ್ಷಣೆ.