ಚರಂಡಿ ನೀರಿನ ಬೇಸಾಯ

ಊರಿನ ಕೊಳಚೆ ನೀರನ್ನು ಹೊಲ ತೋಟಗಳಿಗೆ ಹಾಯಿಸಿ ಬೆಳೆ ತೆಗೆಯುವ ಪದ್ಧತಿ. ಈ ನೀರಿನಲ್ಲಿ ಸಾರಜನಕ, ರಂಜಕ ಹೇರಳವಾಗಿವೆ, ಬೇಸಿಗೆಯಲ್ಲೂ ಇದು ಬತ್ತುವುದಿಲ್ಲ. ರೈತರನ್ನು ಸೆಳೆದದ್ದು ಇದೇ. ಆದರೆ ಮಲದೊಂದಿಗೆ ಬರುವ ಸಾಲ್ಮೊನೆಲ್ಲಾ, ಶಿಗೆಲ್ಲಾ, ಕಾಲರಾ ಬ್ಯಾಕ್ಟೀರಿಯಾಗಳು, ಜಂತುಹುಳುವಿನ ಮೊಟ್ಟೆಗಳು ಸೊಪ್ಪು ತರಕಾರಿಗೆ ಅಂಟಿಕೊಳ್ಳುತ್ತವೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಅಪಾಯವಿರುವುದು ಹಸಿಯಾಗಿ ತಿನ್ನುವ ಮೂಲಂಗಿ, ಸೌತೆ, ಕೊತ್ತಂಬರಿಯಲ್ಲಿ. 1970ರಲ್ಲಿ ಜೆರುಸಲೇಮಿನಲ್ಲಿ ಕಾಲರಾ ಹರಡಿದ್ದಕ್ಕೆ ಕೊಳಚೆಯಲ್ಲಿ ಬೆಳೆದ ಸೊಪ್ಪೇ ಕಾರಣವೆಂದು ಸಂಶೋಧಕರು ಗುರುತಿಸಿದರು.

ಕರ್ನಾಟಕದಲ್ಲಿ ಇದರ ಅಧ್ಯಯನ ನಡೆದ ಊರುಗಳಲ್ಲಿ ಹುಬ್ಬಳ್ಳಿ-ಧಾರವಾಡ ಒಂದು. ಅಲ್ಲಿ ಸಂಸ್ಕರಣೆಯಿಲ್ಲದ ನಾಲೆಯ ನೀರನ್ನು ರೈತರು ಪಂಪಿನಿಂದ ನೇರವಾಗಿ ಎತ್ತಿ, ನಗರಕ್ಕೆ ಹತ್ತಿರದಲ್ಲಿ ತರಕಾರಿ, ದೂರದಲ್ಲಿ ಹೊಲದ ಬೆಳೆ ಮತ್ತು ಮರಗಳನ್ನು ಬೆಳೆಯುತ್ತಿದ್ದರು. 2003ರಲ್ಲಿ ಸಂಶೋಧಕರಾದ ಬ್ರಾಡ್‌ಫರ್ಡ್, ಬ್ರೂಕ್ ಮತ್ತು ಹುನಶಾಳ ಇದನ್ನು ದಾಖಲಿಸಿದರು. ಬರಿಗಾಲಲ್ಲಿ, ಬರಿಗೈಯಲ್ಲಿ ಕೆಲಸ ಮಾಡುವ ಕೂಲಿಯವರಿಗೇ ಮೊದಲ ಪೆಟ್ಟು. ಗಿರಾಕಿಯ ಆರೋಗ್ಯದ ಬಗ್ಗೆಯೇ ಮಾತಾಡುವವರು ಅವರನ್ನು ಮರೆತೇಬಿಡುತ್ತಾರೆ.

ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ. ಅದರ ಅಚ್ಚುಕಟ್ಟಿನಲ್ಲಿ ಬಹಳಷ್ಟು ರೈತರು ಭತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ಹೊರಳಿದರು.

ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹಸಿಯಾಗಿ ತಿನ್ನುವ ಬೆಳೆಗಳಿಗೆ ಬಳಸುವ ನೀರಿನಲ್ಲಿ 100 ಮಿಲಿಲೀಟರಿಗೆ 1,000ಕ್ಕಿಂತ ಹೆಚ್ಚು ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರಬಾರದೆಂದಿತು. 2006ರ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ ಸಂಸ್ಕರಣೆ, ಹನಿ ನೀರಾವರಿ, ಕೊಯ್ಲಿಗೆ ಮುನ್ನ ನೀರು ನಿಲ್ಲಿಸುವುದು, ತೊಳೆಯುವುದು, ಬೇಯಿಸುವುದು ಎಲ್ಲವನ್ನೂ ಒಂದರ ಮೇಲೊಂದು ತಡೆಗೋಡೆಯಾಗಿ ಸೂಚಿಸಿತು.

2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಿಂದ ಎರಡನೇ ಹಂತದವರೆಗೆ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ. ಉದ್ದೇಶ ಅಂತರ್ಜಲ ಮರುಪೂರಣ. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿವಾದ ನ್ಯಾಯಾಲಯ ಹತ್ತಿತು. ಎರಡನೇ ಹಂತದ ಸಂಸ್ಕರಣೆ ಸಾವಯವ ಕೊಳೆಯನ್ನು ಬಹುಮಟ್ಟಿಗೆ ತೆಗೆದರೂ ರೋಗಾಣುಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೆ ಮೂರನೇ ಹಂತ ಬೇಕೆಂಬುದು ಹೋರಾಟಗಾರರ ವಾದ.

ಕೊಳವೆಬಾವಿಗೆ ಜೋತುಬಿದ್ದ ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಗೂ, ಪುರವರದಂಥ ಹೋಬಳಿಗಳಿಗೂ ಇಂಥ ನೀರು ಬರುವುದಾದರೆ ರೈತರು ಮೊದಲು ಕೇಳಬೇಕಾದದ್ದು ಎಷ್ಟು ನೀರು ಎಂದಲ್ಲ, ಸೋಂಕು ನಿವಾರಣೆ ಎಲ್ಲಿ ನಡೆಯುತ್ತದೆ, ಪರೀಕ್ಷೆಯ ವರದಿಯನ್ನು ಪಂಚಾಯಿತಿ ಮುಂದೆ ಯಾರು ಇಡುತ್ತಾರೆ ಎಂದು.